ಚೆಕ್ಕುಬಂದಿ

ಪುಟಕ್ಕೆ ಇಪ್ಪತ್ತೈದು.
ತಿದ್ದಿದರೆ ಮತ್ತೆ ಐದು; ಅದನ್ನು ನಾನು ಕೇಳುವುದಿಲ್ಲ,
ಜವರಪ್ಪ ವಕೀಲರು ಕೊಡುವುದೂ ಇಲ್ಲ.

ಹಗಲೆಲ್ಲ ಹಾಸನದ ಕರೆಂಟ್ ಆಫೀಸಿನ ಕೌಂಟರು.
ಬಿಲ್ಲು ಜಾಸ್ತಿ ಬಂತೆಂದು ಬೈಯುವವರ ಚಿಲ್ಲರೆ ಎಣಿಸಿ
ಆರಕ್ಕೆ ಎದ್ದು, ಬಿ.ಎಂ. ರಸ್ತೆ ದಾಟಿ
ವಕೀಲರ ಮಹಡಿ ಮೆಟ್ಟಿಲು ಹತ್ತುತ್ತೇನೆ.
ಒಂಬತ್ತರವರೆಗೆ ಊರಿನ ಜಗಳ ಟೈಪು ಮಾಡುತ್ತೇನೆ.

ಡೈರಿ ದುಡ್ಡಿಗೆ ಕಾದಾಡಿದ ಅತ್ತೆ ಸೊಸೆ,
ಅದು ನನ್ನ ಬ್ರೇಕ್ ಶೂ.
ದಾರಿ ಬಿಡದ ದಾಯಾದಿ, ಹದಿನಾಲ್ಕು ಪುಟ,
ಮುಂದಿನ ಗಾಜಿನ ರಬ್ಬರ್ ಬೀಡಿಂಗು.
ಜೀವನಾಂಶ ಕೇಳಿದ ಹುಡುಗಿಯದು ಬರೀ ಮೂರು ಪುಟ.
ಮೂರರಲ್ಲೇ ಮುಗಿದುಹೋಗುವಷ್ಟೇನಾ ಅಂತ
ಸಾಲುಗಳ ಅಂತರ ಹೆಚ್ಚಿಸಿ ನಾಲ್ಕು ಮಾಡಿದೆ.
ಅವಳಿಗಾಗಿ ಅಂದುಕೊಂಡೆ.
ಆ ಇಪ್ಪತ್ತೈದಕ್ಕೆ ನಾಲ್ಕು ನಟ್ಟು ಬಂತು.

ಕಾರು ಫಿಯೆಟ್ಟು.
ರಾಜ್ಯಕ್ಕೆ ಇನ್ನೂ ಹೆಸರು ಬದಲಾಗದ ಕಾಲದ್ದು,
ನಂಬರು ಎಂ ವೈ ಎಂದೇ ಶುರು.
ದುದ್ದದ ಕಡೆ ಒಂದು ಕೊಟ್ಟಿಗೆಯಲ್ಲಿ
ಬಿತ್ತನೆ ಆಲೂಗಡ್ಡೆ ಮೂಟೆ ಹೊತ್ತು ಕೂತಿತ್ತು.
ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ
ನನ್ನನ್ನು ನೋಡಿತು, ತಾನೇ ಮಾಲೀಕಳ ಹಾಗೆ.
ಹದಿನೆಂಟು ಸಾವಿರ, ಕೋಳಿ ಬಿಟ್ಟು.

ಪಕ್ಕದ ಕೌಂಟರಿನ ಇಂದ್ರಮ್ಮ
"ಆ ದುಡ್ಡಿಗೆ ಒಂದು ಜೊತೆ ಓಲೆ ಆಗ್ತಿತ್ತು ಕಣ್ರೀ" ಅಂದರು.
ಓಲೆಗೆ ಗೇರ್ ಇರುತ್ತಾ ಇಂದ್ರಮ್ಮ?
ಅಂದೆ. ಆಮೇಲೆ, ಜಾಸ್ತಿಯಾಯಿತೇನೋ ಅನ್ನಿಸಿತು.

ಪೆನ್ಷನ್ ಮೊಹಲ್ಲಾದ ರವೂಫ್ ಸಾಬ್ರು ಭಾನುವಾರ ಬರುತ್ತಾರೆ.
ಸುತ್ತಿಗೆ ಹಿಂಬದಿಯಿಂದ ತಟ್ಟಿ, ಕಿವಿಯಿಟ್ಟು,
"ಇಲ್ಲಿ ತಗಡಿದೆ ವನಜಾಕ್ಷಕ್ಕ, ಇಲ್ಲಿ ಬರೀ ಬಣ್ಣ ಇದೆ"
ಅಂತಾರೆ. ಕೈಯಲ್ಲಿ ದುಡ್ಡಿದ್ದಷ್ಟೇ ಬೆಂಕಿ:
ತಿಂಗಳಿಗೊಂದು ಗೇಣು ಬೆಸುಗೆ.
ನಾನು ಉಪ್ಪುಕಾಗದ ಹಿಡಿದು ಉಜ್ಜುತ್ತೇನೆ.
ಕರಿ ಬಣ್ಣದ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬಿಳಿ,
ಎಲ್ಲದರ ಅಡಿಯಲ್ಲಿ, ಒಂದೂವರೆ ವರ್ಷಕ್ಕೆ ಸಿಕ್ಕಿತು,
ಅವರೆಕಾಯಿ ಸಿಪ್ಪೆಯ ಹಸಿರು.

ಕಳೆದ ಗುರುವಾರ ವಿಭಾಗದ ದಾವೆ.
ದುದ್ದ ಹೋಬಳಿ; ಅಣ್ಣ ವಾದಿ, ತಮ್ಮ ಪ್ರತಿವಾದಿ.
ಬೆರಳು ತಾವೇ ಓಡುತ್ತಿದ್ದವು: ಸದರಿ ಸ್ವತ್ತು, ಪಿತ್ರಾರ್ಜಿತ,
ಷೆಡ್ಯೂಲ್ ಬಿ: ಹಿತ್ತಾಳೆ ಹಂಡೆ ಎರಡು,
ಪಂಪ್‌ಸೆಟ್ ಒಂದು, ಗಬ್ಬದ ಎಮ್ಮೆ ಒಂದು,
ಫಿಯೆಟ್ ಕಾರು ಒಂದು, ಎಂ ವೈ...

ಕೈ ನಿಂತಿತು.
ತಮ್ಮ ಎಣಿಸಿಕೊಂಡ ನನ್ನ ಹದಿನೆಂಟು ಸಾವಿರ
ಅಣ್ಣನ ಕಿವಿಗೆ ಬಿದ್ದೇ ಇಲ್ಲ.
ಸಾಲಿನ ಕೊನೆಗೆ ವಕೀಲರ ಕೈಬರಹ:
ಗುಜರಿ. ಅಂದಾಜು ಬೆಲೆ ಐನೂರು.

ಐನೂರು!
ಬರೀ ರೇಡಿಯೇಟರಿಗೇ
ಎಷ್ಟು ಜನರ ಮನೆ ಒಡೆದಿದೆ ಗೊತ್ತೇನ್ರಿ?

ಒಂದು ಕೀಲಿ ಒತ್ತಿದರೆ ಸಾಲು ಅಳಿಯುತ್ತಿತ್ತು.
ಹಂಡೆ, ಪಂಪ್‌ಸೆಟ್, ಎಮ್ಮೆ, ಅಲ್ಲಿಗೆ ಮುಗಿಯಿತು.
ವಕೀಲರು ಕೊನೆಯ ಪುಟ ಓದಿದ್ದು ನಾನು ಕಂಡಿಲ್ಲ.
ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದೆಯುತ್ತಿದ್ದರು.
ಅದು ಸ್ಟಾರ್ಟ್ ಆಗುವವರೆಗೆ ಕಾದೆ.
ಆಮೇಲೆ ಟೈಪು ಮಾಡಿದೆ, ನಂಬರು ಪೂರ್ತಿ, ತಪ್ಪಿಲ್ಲದೆ.
ಐನೂರು ಮಾತ್ರ ಬೆರಳಿಗೆ ಬರಲಿಲ್ಲ.
ಅಷ್ಟು ಜಾಗ ಖಾಲಿ ಬಿಟ್ಟು ಪ್ರಿಂಟು ಕೊಟ್ಟು
ಒಂಬತ್ತು ಪುಟದ ಇನ್ನೂರ ಇಪ್ಪತ್ತೈದು ಎಣಿಸಿಕೊಂಡೆ.

ನಾಳೆ ನನ್ನ ಹೆಸರಿಗೆ ನೋಟೀಸು ಬರಬಹುದು.
ಬರಲಿ. ಉತ್ತರವನ್ನೂ ನಾನೇ ಟೈಪು ಮಾಡಬೇಕಲ್ಲ,
ಅದಕ್ಕೆ ಯಾರು ಕೊಡುತ್ತಾರೆ ಇಪ್ಪತ್ತೈದು?

ರಾತ್ರಿ ಟಾರ್ಪಾಲು ಸರಿಸಿ ಗೇರಿನ ಕಡ್ಡಿ ಹಿಡಿದು ಕೂತೆ.
ಎಂಜಿನ್ನು ನಡುಮನೆಯಲ್ಲಿ ಹಳೆ ಸೀರೆ ಹೊದ್ದು ಮಲಗಿದೆ.
ಸದರಿ ವಾಹನದ ಚೆಕ್ಕುಬಂದಿ ಬಾಯಲ್ಲೇ ಬರೆದುಕೊಂಡೆ:
ಪೂರ್ವಕ್ಕೆ ಬಟ್ಟೆ ಒಗೆಯುವ ಕಲ್ಲು,
ಪಶ್ಚಿಮಕ್ಕೆ ಪಕ್ಕದವರ ಗೋಡೆ, ಅವರ ಗೊಣಗು,
ಉತ್ತರಕ್ಕೆ ನುಗ್ಗೆಮರ, ಕಂಬಳಿಹುಳ ಸಹಿತ,
ದಕ್ಷಿಣಕ್ಕೆ ಗೇಟು.
ಗೇಟಿನ ಒಂದು ಕಂಬ
ಕಾರು ತಂದ ದಿನ ಒಡೆಸಿದ್ದು,
ಇನ್ನೂ ಕಟ್ಟಿಸಿಲ್ಲ.